ಹನ್ನೊಂದು ದಿನದ ಟ್ರಯಲ್

ಕಳೆದ ವರ್ಷ ಮುಂಬಯಿ ಪಕ್ಕದ ಠಾಣೆಯ ಕನ್ನಡ ಬಳಗವೊಂದು ಕಾಲೇಜು ಮಕ್ಕಳನ್ನು ಕೂಡಿಸಿ, ಬೇರೆ ಬೇರೆ ಕಸುಬಿನಿಂದ ನಿವೃತ್ತರಾದ ನಮ್ಮಂಥವರನ್ನು ಕರೆದು ಮಾತಾಡಿಸಿತು. ಬ್ಯಾಂಕಿನವರೊಬ್ಬರು, ರೈಲ್ವೆಯವರೊಬ್ಬರು, ಮದುವೆ ವಿಡಿಯೊ ಲೈನಿನಿಂದ ನಾನು. ನನ್ನ ಪರಿಚಯಕ್ಕೆಂದು ಪರದೆಯ ಮೇಲೆ ನಾಲ್ಕು ನಿಮಿಷದ ಒಂದು ಮದುವೆ ಚಿತ್ರ ತೋರಿಸಿದರು. ಕೊನೆಯಲ್ಲಿ ‘ಎಡಿಟಿಂಗ್: ವಾಸುದೇವ’ ಎಂದು ನನ್ನ ಹೆಸರು ಬಂತು, ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಇಂಟರ್‌ವ್ಯೂಗೆ ಹೋದಲ್ಲೆಲ್ಲ ಟ್ರಯಲ್ ಅಂತ ಒಂದು ವಾರ ಫುಕಟ್ ಎಡಿಟಿಂಗ್ ಮಾಡಿಸ್ಕೊಳ್ತಾರೆ. ಆಮೇಲೆ ಫೋನೇ ಎತ್ತಲ್ಲ. ಮಾಡ್ಬೇಕಾ, ಬೇಡ್ವಾ?”

“ಅನುಭವ ಸಿಗ್ತದಲ್ಲಮ್ಮ, ಮಾಡು” ಅಂದೆ. ಪಕ್ಕದಲ್ಲಿದ್ದ ಬ್ಯಾಂಕಿನವರೂ ಹೌದು ಹೌದು ಎಂದು ತಲೆ ಆಡಿಸಿದರು.

ಆ ಉತ್ತರ ಸುಳ್ಳು. ಆ ಚಿತ್ರವೂ ನನ್ನದಲ್ಲ. ಅದನ್ನು ಮಾಡಿದವಳು ಕಲ್ಯಾಣದ ಮಾನಸಿ ಎಂಬ ಹುಡುಗಿ. ನಮ್ಮ ಸ್ಟುಡಿಯೊಗೆ ಹನ್ನೊಂದು ದಿನ ಟ್ರಯಲ್‌ಗೆ ಬಂದು, ಬಿಡಿಗಾಸಿಲ್ಲದೆ ಅದನ್ನು ಮಾಡಿಕೊಟ್ಟು, ಕೆಲಸ ಸಿಗದೆ ಹೋದವಳು. ಕೆಲಸ ಮಾತ್ರ ಹೋಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ. ಅವಳ ಹೆಸರೂ ಹೋಯಿತು, ಅದನ್ನು ಕಳೆದವನು ನಾನು. ಈ ಲೈನಿಗೆ ಬರುವ ಮಕ್ಕಳಿಗೆ ಹೇಳಲು ನನ್ನ ಹತ್ತಿರ ದೊಡ್ಡ ಬುದ್ಧಿಮಾತೇನೂ ಇಲ್ಲ. ನಡೆದದ್ದನ್ನು ಹೇಳುತ್ತೇನೆ, ಬೇಕಾದ್ದನ್ನು ಆರಿಸಿಕೊಳ್ಳಿ.

ನಾನು ಉಡುಪಿ ಕಡೆಯವನು. ಮೆಟ್ರಿಕ್ ಮುಗಿಸಿ ಕಲ್ಯಾಣ ಸ್ಟೇಶನ್ ಹತ್ತಿರದ ಮಾವನ ಹೋಟೆಲಿಗೆ ಬಂದೆ. ಆ ಹೋಟೆಲಿಗೆ ದಿನಾ ಬೆಳಿಗ್ಗೆ ಬರುತ್ತಿದ್ದವರು ಪ್ರಭಾಕರ ಸೇಠ್. ನಮ್ಮ ಊರಿನ ಕಡೆಯವರೇ, ಅವರ ತಂದೆಯದ್ದೂ ಹೋಟೆಲೇ. ತಂದೆಯ ಹೋಟೆಲು ಅಣ್ಣನ ಪಾಲಾದ ಮೇಲೆ ಇವರು ಡೊಂಬಿವಲಿ ಪೂರ್ವದಲ್ಲಿ ಒಂದು ಅಂಗಡಿ ಕೋಣೆ ಹಿಡಿದು ವಿಡಿಯೊ ಶೂಟಿಂಗ್ ಶುರು ಮಾಡಿದ್ದರು. ಹೋಟೆಲು ಬಿಟ್ಟರೂ ಬಾಯಿಯಿಂದ ಹೋಟೆಲು ಹೋಗಿರಲಿಲ್ಲ. ಗಿರಾಕಿ, ಪಾರ್ಸೆಲು, ಒಂದು ಪ್ಲೇಟು ಮದುವೆ, ಅರ್ಧ ಪ್ಲೇಟು ಮುಂಜಿ, ಹೀಗೇ ಅವರ ಮಾತು. ಒಂದು ದಿನ ಮಾವನ ಹತ್ತಿರ, “ಈ ಉದ್ದದ ಹುಡುಗನನ್ನು ಕೊಡಿ ಮಾರಾಯ್ರೆ, ಲೈಟು ಹಿಡಿಯಲಿಕ್ಕೆ ಒಳ್ಳೇದಾಗ್ತದೆ” ಅಂದರು. ನನ್ನ ಎತ್ತರ ನನಗೆ ದೇವರು ಕೊಟ್ಟ ಒಂದೇ ಯೋಗ್ಯತೆ. ಅಂದಿನಿಂದ ನಾಲ್ಕು ದಶಕ ಅವರ ಹತ್ತಿರವೇ ಇದ್ದೆ.

ಸೇಠ್ ಕೆಟ್ಟವರು ಎಂದು ಯಾರೂ ತಿಳಿಯಬಾರದು. ಕ್ಯಾಸೆಟ್ಟಿನ ಕಾಲದ ಒಂದು ಕತೆ ಹೇಳುತ್ತೇನೆ. ಕಲ್ಯಾಣದಲ್ಲಿ ನಮ್ಮವರದೇ ಒಂದು ಮದುವೆ. ನಾನು ಆಗಷ್ಟೇ ಕ್ಯಾಮರಾ ಹಿಡಿಯಲು ಕಲಿತಿದ್ದೆ. ಮರುದಿನ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಸುರಕ್ಷತೆಯ ಭಾಷಣದ ಶೂಟಿಂಗ್ ಇತ್ತು. ಗಡಿಬಿಡಿಯಲ್ಲಿ ಮದುವೆಯ ಕ್ಯಾಸೆಟ್ಟನ್ನೇ ಕ್ಯಾಮರಾಕ್ಕೆ ಹಾಕಿಕೊಂಡು ಹೋದೆ. ಎಡಿಟಿಂಗಿಗೆ ಕುಳಿತು ನೋಡಿದರೆ ಗಟ್ಟಿಮೇಳ ಶುರುವಾಗುತ್ತದೆ, ಮದುಮಗಳ ಅಪ್ಪ ಧಾರೆಯೆರೆಯಲು ಗಿಂಡಿ ಎತ್ತುತ್ತಾರೆ, ಅಷ್ಟರಲ್ಲಿ ಹಳದಿ ಹೆಲ್ಮೆಟ್ಟಿನ ಮ್ಯಾನೇಜರೊಬ್ಬ ಪ್ರತ್ಯಕ್ಷನಾಗಿ, ಕಣ್ಣಿಗೆ ಆಸಿಡ್ ಬಿದ್ದರೆ ಏನು ಮಾಡಬೇಕು ಎಂದು ಮರಾಠಿಯಲ್ಲಿ ವಿವರಿಸುತ್ತಾನೆ. ಒಂದು ವಾರದಲ್ಲಿ ಊರಿಗೆ ವಾಪಸ್ಸು ಎಂದೇ ಅಂದುಕೊಂಡೆ.

ಸೇಠ್ ನನ್ನನ್ನು ಬೈದರು, ಚೆನ್ನಾಗಿಯೇ ಬೈದರು. ಆದರೆ ಗಿರಾಕಿಯ ಮನೆಗೆ ಅವರೇ ಹೋದರು. “ತಪ್ಪು ನನ್ನದು, ಕ್ಯಾಮರಾ ನಾನೇ ಹಿಡಿದಿದ್ದೆ” ಅಂದರು. ಧಾರೆಯನ್ನು ಇನ್ನೊಮ್ಮೆ ಮಾಡಿಸುವ ಎಂದರೆ ಪುರೋಹಿತರು ಒಪ್ಪಬೇಕಲ್ಲ. “ಕನ್ಯೆಯನ್ನು ಎಷ್ಟು ಸಲ ದಾನ ಮಾಡುವುದು?” ಎಂದು ಕೇಳಿದರು. ಕೊನೆಗೆ ಮಂತ್ರವಿಲ್ಲದೆ ಬರೀ ನೀರು ಬಿಡುವುದೆಂದು ತೀರ್ಮಾನವಾಯಿತು. ಮದುಮಗ ಅಷ್ಟರಲ್ಲಿ ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಿದ್ದ. ಪೇಟ ಕಟ್ಟಿ ಕೂರಿಸಿ, ಸಂಬಂಧಿಕರನ್ನು ಹಿಂದೆ ನಿಲ್ಲಿಸಿ, ಹತ್ತು ನಿಮಿಷದಲ್ಲಿ ಮುಗಿಸಿದೆವು. ಇವತ್ತಿಗೂ ಆ ಮನೆಯವರು ಆ ಕ್ಯಾಸೆಟ್ಟನ್ನು ನೋಡಿ ನಗುತ್ತಾರಂತೆ. ನನ್ನ ತಪ್ಪನ್ನು ಒಬ್ಬರು ಹೀಗೆ ಮೈಮೇಲೆ ಹಾಕಿಕೊಂಡರು ಎಂಬುದನ್ನು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದರಿಂದ ನಾನು ಕಲಿತದ್ದು ಏನೂ ಇಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಅದಕ್ಕೆ ಮೊದಲಿನ ವಿಡಿಯೊ ಮಿಕ್ಸರಿನ ಕಾಲದಲ್ಲಿ ನಾನು ರಾಜ. ಅರಳುವ ತಾವರೆಯೊಳಗೆ ಮದುಮಗಳನ್ನು ಕೂರಿಸುವುದು, ಹೃದಯದ ಆಕಾರದಲ್ಲಿ ಗಂಡನ ಮುಖ ತೆರೆಯುವುದು, ಇವೆಲ್ಲ ನನ್ನ ಕೈಚಳಕ. ಮೂರು ತಾಸಿನ ಕ್ಯಾಸೆಟ್ಟನ್ನು ಜನ ಊಟ ಮಾಡುತ್ತಾ ಕೂತು ನೋಡುತ್ತಿದ್ದರು. ಕಂಪ್ಯೂಟರನ್ನೂ ಕಲಿತೆ, ತಿಣುಕಿ ತಿಣುಕಿ ಕಲಿತೆ. ಆದರೆ ಮೊಬೈಲು ಬಂದ ಮೇಲೆ ಗಿರಾಕಿಗಳಿಗೆ ಮೂರು ತಾಸು ಬೇಡವಾಯಿತು, ನಾಲ್ಕು ನಿಮಿಷದ ಹೈಲೈಟ್ ಬೇಕಾಯಿತು. ಅದು ನನಗೆ ಒಗ್ಗಲಿಲ್ಲ. ನಾಲ್ಕು ನಿಮಿಷ ಅಂದರೆ ಯಾರ ಚಿಕ್ಕಪ್ಪನನ್ನು ಬಿಡುವುದು, ಯಾರ ಅತ್ತೆಯನ್ನು ಕತ್ತರಿಸುವುದು ಹೇಳಿ. ನಾನು ಮಾಡಿದ್ದನ್ನು ನೋಡಿ ಒಬ್ಬ ಮದುಮಗಳು, “ಅಂಕಲ್, ಇದು ನ್ಯೂಸ್ ತರಹ ಇದೆ” ಅಂದಳು. ಸೇಠ್ ಕೇಳಿಸಿಕೊಂಡರು. ಆಮೇಲೆ ಆಗಾಗ, “ವಾಸು, ಇನ್ನು ಸ್ವಲ್ಪ ರೆಸ್ಟ್ ಮಾಡಬಹುದಲ್ವಾ ನೀನು?” ಎನ್ನತೊಡಗಿದರು. ನನ್ನ ಮಗಳ ಮದುವೆ ಇನ್ನೂ ಆಗಿರಲಿಲ್ಲ. ಅವರು ರೆಸ್ಟ್ ಎಂದ ದಿನವೆಲ್ಲ ನಾನು ಕಂಪ್ಯೂಟರಿನ ಮುಂದೆ ಇನ್ನೊಂದು ತಾಸು ಹೆಚ್ಚು ಕೂರುತ್ತಿದ್ದೆ.

ಟ್ರಯಲ್ ಶುರುವಾದದ್ದು ಆ ದಿನಗಳಲ್ಲಿ. ಮೊದಲ ಸಲ ನಿಜವಾಗಿಯೂ ಒಬ್ಬ ಎಡಿಟರ್ ಬೇಕಾಗಿತ್ತು. ಆರು ಜನ ಬಂದರು. “ಹೋಟೆಲಿನಲ್ಲಿ ದೋಸೆ ಭಟ್ಟರನ್ನು ಇಡುವಾಗ ಎಂತ ಮಾಡ್ತೇವೆ? ಒಂದು ದಿನ ಕಾವಲಿ ಮುಂದೆ ನಿಲ್ಲಿಸ್ತೇವೆ. ದೋಸೆ ಎದ್ದರೆ ಇರು, ಇಲ್ಲದಿದ್ದರೆ ಊಟ ಮಾಡಿ ಹೊರಡು” ಅಂದರು ಸೇಠ್. ನನಗೂ ಸರಿಯೆನಿಸಿತು, ನಾವೆಲ್ಲ ಹಾಗೇ ಬಂದವರು. ಆರು ಜನರಿಗೂ ಒಂದೊಂದು ಮದುವೆಯ ಫೂಟೇಜ್ ಕೊಟ್ಟು ಕೂರಿಸಿದೆವು. ಮೂರು ದಿನದಲ್ಲಿ ಆರು ಮದುವೆಯ ಹೈಲೈಟ್ ತಯಾರು. ಒಬ್ಬನನ್ನು ಇಟ್ಟುಕೊಂಡೆವು, ಐವರನ್ನು ಕಳಿಸಿದೆವು. ಆರು ಚಿತ್ರಗಳೂ ಗಿರಾಕಿಗಳ ಮನೆಗೆ ಹೋದವು.

ಸೇಠ್ ಆ ದಿನ ಆರೂ ಮದುವೆಗಳ ಬಿಲ್ಲನ್ನು ಮುಂದೆ ಹರಡಿಕೊಂಡು ಕೂತಿದ್ದರು. ಅವರ ತಲೆಯೊಳಗೆ ಏನು ಓಡುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಮುಂದಿನ ಸೀಸನ್ನಿನಿಂದ ಮದುವೆಗಳು ಗುಡ್ಡೆ ಬಿದ್ದಾಗಲೆಲ್ಲ ‘ಎಡಿಟರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ಹೋಗತೊಡಗಿತು. ಖಾಲಿ ಜಾಗ ಒಂದೂ ಇರುತ್ತಿರಲಿಲ್ಲ. ಬಂದವರನ್ನು ಕೂರಿಸಿ ಫೂಟೇಜ್ ಕೊಟ್ಟು ವಿವರಿಸುವವನು ನಾನು. ನಮ್ಮ ಕಂಪ್ಯೂಟರಿನಲ್ಲಿಯೇ ಮಾಡಬೇಕು, ಏನನ್ನೂ ಹೊರಗೆ ಒಯ್ಯಬಾರದು ಎಂಬ ನಿಯಮ ಮಾಡಿದವನೂ ನಾನೇ. ಗಿರಾಕಿಗಳ ಖಾಸಗಿ ವಿಷಯ ಎಂದು ಕಾರಣ ಹೇಳುತ್ತಿದ್ದೆ. ದೋಸೆ ಭಟ್ಟರಿಗೆ ಊಟವಾದರೂ ಸಿಗುತ್ತಿತ್ತು, ಇವರು ಡಬ್ಬಿ ಮನೆಯಿಂದ ತರುತ್ತಿದ್ದರು. ಮೂರನೆಯ ಸೀಸನ್ನಿನಲ್ಲಿ ಒಮ್ಮೆ, “ಇದು ಸರಿಯಾ ಸೇಠ್?” ಎಂದು ಕೇಳಿದ್ದುಂಟು. “ನೀನು ಎಡಿಟ್ ಮಾಡ್ತೀಯಾ ಹಾಗಾದ್ರೆ?” ಅಂದರು. ನಾನು ಎದ್ದು ಹೊಸಬರಿಗೆ ಫೂಟೇಜ್ ಹಾಕಿಕೊಡಲು ಹೋದೆ.

ಬಂದವರಲ್ಲಿ ಒಬ್ಬನನ್ನು ಮರೆಯಲಾರೆ. ಎಂಐಡಿಸಿಯ ವಸತಿ ಭಾಗದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಮರಾಠಿ ಹುಡುಗ. ಚೆಂದವಾಗಿ ಕೆಲಸ ಮಾಡಿದ. ಆದರೆ ಚಿತ್ರದ ಉದ್ದಕ್ಕೂ, ಮದುಮಕ್ಕಳ ಎದೆಯ ಮೇಲೆ ಅಡ್ಡಲಾಗಿ, ತನ್ನ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಕೂರಿಸಿದ್ದ. ಸೇಠ್ ಕೆಂಡವಾದರು. “ನಾಮ್ ನಿಕಾಲ್” ಅಂದರೆ, “ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ, ಒಂದು ನಿಮಿಷದ ಕೆಲಸ, ತೆಗೀತೇನೆ” ಎಂದು ನಿಧಾನವಾಗಿ ಹಿಂದಿಯಲ್ಲಿ ಹೇಳಿದ. ಲೆಟರ್ ಎಲ್ಲಿಂದ ಕೊಡುವುದು? ಅವನು ತನ್ನ ಫೈಲು ಅಳಿಸಿ, ನಮಸ್ಕಾರ ಹೇಳಿ, ಸೈಕಲ್ ಹತ್ತಿ ಹೋದ. ಅವನು ಹೋದ ಮೇಲೆ ನಾವಿಬ್ಬರೂ ಅವನ ಸೊಕ್ಕಿನ ಬಗ್ಗೆ ಮಾತಾಡುತ್ತಾ ಚಹಾ ಕುಡಿದೆವು. ಠಾಣೆಯ ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇವನ ಕತೆ. ಒಂದು ನಿಮಿಷದ ಸ್ಯಾಂಪಲ್ ಮಾತ್ರ ಮಾಡಿಕೊಡು, ಹೆಸರು ಹಾಕಿ ಕೊಡು, ಮೂರನೆಯ ದಿನಕ್ಕೂ ಕೆಲಸದ ಮಾತೇ ಎತ್ತದಿದ್ದರೆ ಎದ್ದು ಬಾ ಎಂದು.

ಮಾನಸಿ ಬಂದದ್ದು ಕೊರೊನಾ ಮುಗಿದ ಮೇಲಿನ ಮೊದಲ ಮದುವೆ ಸೀಸನ್ನಿನಲ್ಲಿ. ಮುಂದೆ ಹೋಗಿದ್ದ ಮದುವೆಗಳೆಲ್ಲ ಒಟ್ಟಿಗೆ ನಡೆದಿದ್ದವು. ಅವಳ ಅಪ್ಪ ರಾಘವ, ನನ್ನ ಮಾವನ ಹೋಟೆಲಿನಲ್ಲಿ ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿದವನು. ನಾನು ಲೈಟು ಹಿಡಿಯಲು ಹೋದೆ, ಅವನು ಹೋಟೆಲಿನಲ್ಲೇ ಉಳಿದು ಮ್ಯಾನೇಜರ್ ಆದ. ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವನೆಂದು ನನ್ನನ್ನು ಅಣ್ಣ ಎನ್ನುತ್ತಿದ್ದ.

“ವಾಸಣ್ಣ, ಮಗಳು ಮಾಸ್ ಮೀಡಿಯಾ ಅಂತ ಎಂತದೋ ಓದಿದ್ದಾಳೆ. ಎಡಿಟಿಂಗೇ ಮಾಡ್ತೇನೆ ಅಂತ ಹಟ. ನಿಮ್ಮ ಕೈಕೆಳಗೆ ಇದ್ರೆ ನನಗೆ ಹೆದರಿಕೆ ಇಲ್ಲ” ಎಂದು ಫೋನ್ ಮಾಡಿದ.

ಖಾಲಿ ಜಾಗ ಇಲ್ಲ ಎನ್ನಲು ನನಗೆ ಅರ್ಧ ನಿಮಿಷ ಸಾಕಿತ್ತು. “ಕಳಿಸು, ಟ್ರಯಲ್ ನೋಡುವ” ಅಂದೆ.

ಇಲ್ಲಿ ಹುಟ್ಟಿದ ಮಕ್ಕಳ ಹಾಗೆಯೇ ಅವಳೂ. ನಾನು ಕನ್ನಡದಲ್ಲಿ ಕೇಳಿದರೆ ಅವಳದು ಹಿಂದಿ ಬೆರೆಸಿದ ಉತ್ತರ. ಕೊಟ್ಟದ್ದು ಸಾನಪಾಡಾದ ಒಂದು ಮದುವೆ, ನಮ್ಮವರದೇ. ಎರಡು ದಿನ ಅವಳು ಏನೂ ಕತ್ತರಿಸಲಿಲ್ಲ, ಬರೀ ನೋಡಿದಳು. ಮೂರನೆಯ ದಿನ ಕೆಲಸ ಶುರು ಮಾಡಿದಳು. ಧಾರೆಯ ಹೊತ್ತಿಗೆ ಹಾಡು ಹಾಕುವುದು ನಮ್ಮ ಪದ್ಧತಿ. ಇವಳು ಹಾಡು ತೆಗೆದು ನೀರಿನ ಸದ್ದನ್ನು ಮಾತ್ರ ಇಟ್ಟಿದ್ದಳು. ಮದುಮಗಳ ಅಪ್ಪ ಗಿಂಡಿಯಿಂದ ನೀರು ಬಿಡುತ್ತಾರೆ. ನೀರು ಮುಗಿಯುತ್ತದೆ. ಅವರಿಗೆ ಮುಗಿದದ್ದು ಗೊತ್ತಾಗುವುದಿಲ್ಲ, ಖಾಲಿ ಗಿಂಡಿಯನ್ನು ಬಗ್ಗಿಸಿಕೊಂಡೇ ಇರುತ್ತಾರೆ. ಪುರೋಹಿತರು ಮೆಲ್ಲನೆ ಕೈ ಮುಟ್ಟಿ ಗಿಂಡಿ ತೆಗೆದುಕೊಳ್ಳುವವರೆಗೆ ಅವಳು ಶಾಟನ್ನು ಬಿಟ್ಟಿದ್ದಳು.

“ಇದು ವೇಸ್ಟ್, ತೆಗಿ” ಅಂದೆ.

“ರೆಹನೇ ದೋ ನಾ ಅಂಕಲ್” ಅಂದಳು. “ಪೂರಾ ಶಾದಿ ಅದರಲ್ಲೇ ಇದೆ.”

ತೆಗೆಸಬೇಕೆಂದೇ ಇದ್ದೆ. ಸೇಠ್ ನೋಡಿ, ಇರಲಿ ಅಂದರು. ಆಮೇಲೆ ಗಿರಾಕಿಗೆ ತೋರಿಸಿದೆವು, ಅವರು ಅದು ಬದಲಿಸಿ ಇದು ಬದಲಿಸಿ ಅಂದರು. ಮೂರು ದಿನದ ಟ್ರಯಲ್ ಆರಾಯಿತು, ಎಂಟಾಯಿತು, ಹನ್ನೊಂದಾಯಿತು. ಅವಳು ದಿನಾ ಕಲ್ಯಾಣದಿಂದ ಟ್ರೇನ್ ಹಿಡಿದು ಹತ್ತು ಗಂಟೆಗೆ ಸರಿಯಾಗಿ ಬಂದಳು. ಕೆಲಸ ಖಾತ್ರಿ ಎಂದೇ ಅವಳ ಲೆಕ್ಕ. ತನ್ನ ಕುರ್ಚಿ ಕಿಟಕಿ ಪಕ್ಕಕ್ಕೆ ಹಾಕಬಹುದಾ ಎಂದೂ ಕೇಳಿದ್ದಳು.

ಹನ್ನೊಂದನೆಯ ದಿನ ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೇಳಿದಳು: “ತೋ ಅಂಕಲ್, ಸೋಮವಾರದಿಂದ ಬರಲಾ?”

“ಸೇಠ್ ಫೋನ್ ಮಾಡ್ತಾರೆ” ಅಂದೆ. ಇಂಥ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಕಂಪ್ಯೂಟರ್ ನೋಡುತ್ತಲೇ ಹೇಳಿದ್ದೇನೆ. ಅವಳಿಗೂ ಹಾಗೇ ಹೇಳಿದೆ.

ಚಿತ್ರ ನಮ್ಮ ಸ್ಟುಡಿಯೊದ ಇಂಟರ್ನೆಟ್ ಪೇಜಿನಲ್ಲಿ ಬಂತು. ಕೊನೆಗೆ ಯಾರ ಹೆಸರು ಹಾಕುವುದು ಎಂಬ ಪ್ರಶ್ನೆ ಬಂದಾಗ ಸೇಠ್, “ನಿನ್ನದೇ ಇರಲಿ. ಗಿರಾಕಿಗೆ ಗೊತ್ತಿರುವುದು ನಿನ್ನನ್ನು” ಅಂದರು. ಬೇಡ ಎಂದಿದ್ದರೆ ಅವರೇನೂ ಕತ್ತು ಹಿಸುಕುತ್ತಿರಲಿಲ್ಲ. ನಾನು ಬೇಡ ಎನ್ನಲಿಲ್ಲ. ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ.

ಆ ಚಿತ್ರ ಹಬ್ಬಿದ ಬಗೆ ನೋಡಿ ನಾವೇ ಬೆರಗಾದೆವು. ಠಾಣೆ, ನವಿ ಮುಂಬಯಿಯ ನಮ್ಮವರ ಮನೆಮನೆಯ ಮೊಬೈಲಿನಲ್ಲೂ ಅದೇ. ಮದುಮಗಳ ಅಪ್ಪ ಸಾನಪಾಡಾದಿಂದ ರಿಕ್ಷಾ, ಟ್ರೇನು ಹಿಡಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಅಷ್ಟು ಜನರಲ್ಲಿ ನನ್ನ ಕೈ ನಿಮಗೆ ಹೇಗೆ ಕಂಡಿತು ಮಾರಾಯ್ರೆ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. “ಇಷ್ಟು ವರ್ಷದ ಅನುಭವ” ಅಂದೆ. ಅಷ್ಟಕ್ಕೆ ನಿಲ್ಲಿಸಿದೆನಾ? ಇಲ್ಲ. ಕಾಲ ಕಳೆದಂತೆ ಕೇಳಿದವರಿಗೆಲ್ಲ, ಮೌನದಲ್ಲೇ ಮದುವೆಯ ಸಾರ ಇರುವುದು, ಹಾಡು ಹಾಕಿದರೆ ಅದು ಸಾಯುತ್ತದೆ ಎಂದು ಪಾಠ ಹೇಳತೊಡಗಿದೆ. ವೇಸ್ಟ್, ತೆಗಿ ಎಂದಿದ್ದ ಬಾಯಿಯೇ ಅದನ್ನೂ ಹೇಳಿತು. ಸೇಠ್ ರೆಸ್ಟಿನ ಮಾತು ಬಿಟ್ಟುಬಿಟ್ಟರು. ಆ ವರ್ಷ ನನಗೆ ನಿಶ್ಚಿಂತೆಯಿತ್ತು.

ನಾಲ್ಕು ತಿಂಗಳ ಮೇಲೆ ಸಾನಪಾಡಾದ ಒಂದು ಜಾಹೀರಾತು ಕಂಪನಿಯಿಂದ ಫೋನ್ ಬಂತು. ಹೆಂಗಸೊಬ್ಬರು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಮಾತಾಡಿದರು. ಮಾನಸಿ ಎಂಬವಳನ್ನು ಆರಿಸಿದ್ದಾರೆ, ಸೋಮವಾರ ಸೇರಬೇಕು, ಅವಳು ತನ್ನ ಕೆಲಸವೆಂದು ಲಿಂಕ್ ಕೊಟ್ಟ ಮದುವೆ ಚಿತ್ರ ನಿಮ್ಮ ಪೇಜಿನಲ್ಲಿ ನಿಮ್ಮ ಹೆಸರಿನಲ್ಲಿದೆ, ನಿಮ್ಮಲ್ಲಿ ಟ್ರಯಲ್ ಮಾಡಿದಾಗ ಮಾಡಿದ್ದು ಎನ್ನುತ್ತಾಳೆ, ಹೌದಾ, ಇಷ್ಟೇ ಪ್ರಶ್ನೆ.

ಸೇಠ್ ಅಂದು ಅಂಗಡಿಯಲ್ಲಿರಲಿಲ್ಲ. ಯಾರೂ ಇರಲಿಲ್ಲ. ಯಾರದೋ ಹೆದರಿಕೆಯಿಂದ ಹೇಳಿದೆ ಎಂದು ಬರೆಯಲು ನನಗೆ ಆಸೆಯಿದೆ, ಆದರೆ ಅದು ನಿಜವಲ್ಲ. ಹೌದು ಎಂದರೆ ಆ ಪಾಠಗಳೆಲ್ಲ ಏನಾಗಬೇಕು, ನನ್ನ ಕೈ ಹಿಡಿದುಕೊಂಡಿದ್ದ ಆ ಮದುಮಗಳ ಅಪ್ಪನ ಮುಖ ಹೇಗೆ ನೋಡುವುದು, ರೆಸ್ಟಿನ ಮಾತು ಮತ್ತೆ ಬಂದರೆ, ಹೀಗೆ ಮೂರು ಯೋಚನೆ ಒಂದರ ಹಿಂದೆ ಒಂದು ಬಂದವು.

“ಟ್ರಯಲ್‌ಗೆ ಬಂದಿದ್ದಳು” ಅಂದೆ. “ನಾನು ಮಾಡುವಾಗ ಪಕ್ಕದಲ್ಲಿ ಕೂತು ನೋಡ್ತಿದ್ದಳು.”

ಆ ಹೆಂಗಸು ಥ್ಯಾಂಕ್ಯೂ ಹೇಳಿ ಫೋನ್ ಇಟ್ಟರು. ಮಾತು ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ.

ಎರಡು ದಿನದ ಮೇಲೆ ರಾಘವ ಫೋನ್ ಮಾಡಿದ. ಧ್ವನಿ ಇಷ್ಟೇ ಇಷ್ಟಾಗಿತ್ತು. “ವಾಸಣ್ಣ, ಸಿಕ್ಕಿದ ಕೆಲಸ ಹೋಯ್ತು ಅವಳದ್ದು. ಬೇರೆಯವರ ಕೆಲಸ ಕದ್ದು ತನ್ನದು ಅಂತ ತೋರಿಸಿದ್ದಾಳೆ ಅಂದ್ರಂತೆ. ಅವಳು ತಾನೇ ಮಾಡಿದ್ದು ಅಂತಾಳೆ. ನೀವು ಹೇಳಿ, ನಾನು ಯಾರನ್ನು ನಂಬಬೇಕು?”

ದೇವರು ನನಗೆ ಎರಡನೆಯ ಅವಕಾಶ ಕೊಟ್ಟಿದ್ದ. ಅದನ್ನೂ ಕಳೆದೆ. ಕಳೆದದ್ದು ಮಾತ್ರವಲ್ಲ, ದೊಡ್ಡಮನುಷ್ಯನ ಹಾಗೆ ಮಾತಾಡಿದೆ. “ಮಕ್ಕಳಲ್ವಾ ರಾಘವ, ಆಸೆಗೆ ಬಿದ್ದು ಮಾಡಿರ್ತಾಳೆ. ಬೈಬೇಡ ಅವಳಿಗೆ” ಅಂದೆ.

ಅವನು ಬೈಯಲಿಲ್ಲ. ನಮ್ಮವರ ರೀತಿಯೇ ಬೇರೆ. ಆ ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಹೋಟೆಲಿನ ಮೈಸೂರುಪಾಕಿನ ಪೊಟ್ಟಣ. ಅವಳು ಅಪ್ಪನ ಹಿಂದೆ ನಿಂತಿದ್ದಳು. ನನ್ನ ಹೆಂಡತಿ ಕಾಫಿ ತಂದಳು, ಯಾರೂ ಮುಟ್ಟಲಿಲ್ಲ.

“ಹಿರಿಯರ ಅನ್ನಕ್ಕೆ ಕೈ ಹಾಕಿದ್ದಾಳೆ ವಾಸಣ್ಣ. ಕ್ಷಮೆ ಕೇಳದೆ ನನಗೆ ನಿಮ್ಮ ಮುಖ ನೋಡ್ಲಿಕ್ಕಾಗುದಿಲ್ಲ” ಅಂದ ರಾಘವ. ಮಗಳ ಕಡೆ ತಿರುಗಿ, “ಕೇಳು” ಅಂದ.

ಅವಳು ನನ್ನನ್ನೇ ನೋಡಿದಳು. ನಾನು ಈಗಲಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದಳು, ಅಷ್ಟೂ ತಿಳಿಯದ ಮುಟ್ಠಾಳ ನಾನಲ್ಲ. ನಾನು ಕಾಫಿ ಲೋಟದ ಕಡೆ ಕಣ್ಣು ತಿರುಗಿಸಿದೆ. ಕೊನೆಗೆ, ಅದುವರೆಗೆ ನನ್ನ ಹತ್ತಿರ ಒಂದು ವಾಕ್ಯವನ್ನೂ ಪೂರ್ತಿ ಕನ್ನಡದಲ್ಲಿ ಆಡದಿದ್ದವಳು, ಸ್ಪಷ್ಟ ಕನ್ನಡದಲ್ಲಿ ಹೇಳಿದಳು: “ನನ್ನದು ತಪ್ಪಾಯ್ತು ಅಂಕಲ್.”

“ಹೋಗ್ಲಿ ಬಿಡಮ್ಮ, ಇನ್ನು ಹೀಗೆ ಮಾಡ್ಬೇಡ” ಎಂದು ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಆ ಕೈಯನ್ನು ಕಡಿದು ಹಾಕಬೇಕು ಎಂದು ಆಮೇಲೆ ಎಷ್ಟೋ ದಿನ ಅನಿಸಿದೆ. ಆವತ್ತು ಅನಿಸಲಿಲ್ಲ. ಅವರು ಹೋದ ಮೇಲೆ ಮೈಸೂರುಪಾಕು ತಿಂದೆವು.

ಅವಳು ಮತ್ತೆ ಎಡಿಟಿಂಗಿಗೆ ಹೋಗಲಿಲ್ಲ. ಠಾಣೆಯ ಒಂದು ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡುವ ಕೆಲಸ ಹಿಡಿದಳು ಎಂದು ಕೇಳಿದೆ. ನನ್ನ ಮಗಳ ಮದುವೆ ಆಯಿತು. ಸೇಠ್‌ಗೆ ವಯಸ್ಸಾಗಿ ಸ್ಟುಡಿಯೊ ಮುಚ್ಚಿದರು, ಈಗ ಅಲ್ಲೊಂದು ಕೇಕಿನ ಅಂಗಡಿ. ನಾನು ಮನೆಯಲ್ಲಿ ಕೂತೆ. ಹೀಗೇ ಸತ್ತುಹೋಗಬಹುದಾಗಿತ್ತು, ಅಷ್ಟರಲ್ಲಿ ಠಾಣೆಯ ಆ ಸಭೆ, ಆ ಚಿತ್ರ, ಆ ಪ್ರಶ್ನೆ. ಚಪ್ಪಾಳೆ ತಟ್ಟುತ್ತಿದ್ದ ಮಕ್ಕಳೆಲ್ಲ ಆಗಿನ ಅವಳ ವಯಸ್ಸಿನವರು. ಟ್ರೇನಿನಲ್ಲಿ ಡೊಂಬಿವಲಿಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿದೆ. ಮುಂದಿನ ಭಾನುವಾರ ಕಲ್ಯಾಣಕ್ಕೆ ಹೋದೆ, ಯಾರಿಗೂ ತಿಳಿಸದೆ.

ರಾಘವ ಈಗ ಮಂಡಿನೋವಿನಿಂದ ಹೋಟೆಲು ಬಿಟ್ಟಿದ್ದಾನೆ. ನನ್ನನ್ನು ನೋಡಿ ಗೋಡೆ ಹಿಡಿದುಕೊಂಡೇ ಎದ್ದ. “ವಾಸಣ್ಣ, ನಮ್ಮ ಮನೆ ದಾರಿ ಗೊತ್ತುಂಟಾ ನಿಮಗೆ?” ಎಂದು ನಕ್ಕ. ಮಾನಸಿಗೆ ರಜೆ, ಒಳಗೆ ಬಟ್ಟೆ ಮಡಚುತ್ತಿದ್ದವಳು ಹೊರಗೆ ಬಂದಳು. ಇಬ್ಬರನ್ನೂ ಕೂರಿಸಿ ಹೇಳಿದೆ. ಹನ್ನೊಂದು ದಿನ, ಹೆಸರು ಟೈಪ್ ಮಾಡಿದ್ದು, ಜಾಹೀರಾತು ಕಂಪನಿಯ ಫೋನು, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಅತ್ತೆ. “ನಿನ್ನ ಮಗಳು ಕದ್ದಿಲ್ಲ ರಾಘವ, ಕದ್ದವನು ನಾನು” ಅಂದೆ.

ರಾಘವ ನನ್ನನ್ನು ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆ. ಅವನು ನನ್ನನ್ನು ನೋಡಲೇ ಇಲ್ಲ. ಮಗಳನ್ನು ಕೇಳಿದ: “ನೀನು ಆವತ್ತು ಗಟ್ಟಿಯಾಗಿ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ ಅಪ್ಪ” ಅಂದಳು ಅವಳು, ಬಹಳ ಮೆತ್ತಗೆ. “ಮನೆಯಲ್ಲಿ ಹೇಳಿದ್ದೆ. ಅವರ ಮನೆಗೆ ಹೋಗ್ತಾ ಟ್ರೇನಲ್ಲಿ ಹೇಳಿದ್ದೆ. ವಾಸಣ್ಣ ಸುಳ್ಳು ಹೇಳುವವರಲ್ಲ ಅಂದ್ರಿ ನೀವು.”

ರಾಘವ ಎದ್ದ. ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಮೆಟ್ಟಿಲಿನವರೆಗೆ ಮಾನಸಿ ನನ್ನ ಜೊತೆ ಬಂದಳು. ತಾಯಿ ಇಲ್ಲದ ಮನೆ, ಒಳಗೆ ಅಪ್ಪ ಒಬ್ಬನೇ ಇದ್ದಾನೆಂದು ಆಗಾಗ ತಿರುಗಿ ನೋಡುತ್ತಿದ್ದಳು. ಕ್ಷಮಿಸಮ್ಮ ಎಂದು ಕೈಮುಗಿದೆ.

“ಅಪ್ಪ ಅದನ್ನ ಮರ್ತೇ ಬಿಟ್ಟಿದ್ರು ಅಂಕಲ್” ಅಂದಳು. “ನಾನೂ ಮರೀಲಿ ಅಂತ ಬಿಟ್ಟಿದ್ದೆ. ಮಗಳು ಒಂದು ತಪ್ಪು ಮಾಡಿದ್ಲು, ಅಷ್ಟೇ ಅವರಿಗೆ. ಮಗಳು ನಿಜ ಹೇಳಿದ್ರೂ ತಾನು ನಂಬ್ಲಿಲ್ಲ ಅಂತ ಅವರಿಗೆ ಗೊತ್ತಾಗೋದು ಬೇಡ ಅಂತ ಇತ್ತು ನನಗೆ. ಹೇಳೋ ಮುಂಚೆ ಏಕ್ ಬಾರ್ ಮುಝೆ ಪೂಛ್ ಲೇತೇ.”

ಒಂದು ಸಲ ಅವಳನ್ನು ಕೇಳಬಹುದಿತ್ತು. ನನಗೆ ತೋಚಿಯೇ ಇರಲಿಲ್ಲ. ಎದೆಯ ಭಾರ ಇಳಿಸಿಕೊಳ್ಳಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು, ಇಳಿಸಿ ರಾಘವನ ಮೇಲೆ ಹಾಕಿ ಬಂದೆ.

ಚಿತ್ರದಲ್ಲಿರುವ ಹೆಸರನ್ನಾದರೂ ಬದಲಿಸುವ ಎಂದು ಸೇಠ್ ಮನೆಗೆ ಹೋದೆ. ಅವರಿಗೆ ಪೇಜಿನ ಪಾಸ್‌ವರ್ಡ್ ನೆನಪಿಲ್ಲ, ಆಗ ಅದನ್ನು ನೋಡಿಕೊಳ್ಳುತ್ತಿದ್ದವನ ಫೋನ್ ನಂಬರೂ ಇಲ್ಲ. ಸ್ಟುಡಿಯೊ ಹೋಗಿದೆ, ಚಿತ್ರ ಹಾಗೇ ಇದೆ. ಇವತ್ತಿಗೂ ಅದರ ಕೊನೆಯಲ್ಲಿ ನನ್ನ ಹೆಸರೇ ಬರುತ್ತದೆ.

ಇದನ್ನು ಬರೆಯುವ ಮೊದಲು ಮಾನಸಿಗೆ ಫೋನ್ ಮಾಡಿ ಅನುಮತಿ ಕೇಳಿದೆ. ಅಪ್ಪ ಹೇಗಿದ್ದಾನೆ ಎಂದೂ ಕೇಳಿದೆ. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಬಾಗಿಲವರೆಗೆ ಬಂದು, ಏನೋ ಹೇಳಲು ಹೊರಟು, ಜೋಪಾನ ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರಂತೆ. ನಿನ್ನ ಹೆಸರು ಬೇಡ, ಬದಲಿಸಿ ಬರೆಯುತ್ತೇನೆ ಅಂದೆ.



“ಬೇಡ ಅಂಕಲ್” ಅಂದಳು. “ಈ ಸಲ ನನ್ನ ಹೆಸರೇ ಹಾಕಿ.”